ನೀರು ಕುಡಿದ ಮೂರು ಚಕ್ರ: ಹೊಂಡಾ ಎಟಿಸಿಯ ಕಥೆ

ಇವತ್ತು ಒಂದು ವಿಚಿತ್ರ ಗಾಡಿಯ ಚರಿತ್ರೆ ಹೇಳ್ತೀನಿ. ಮೂರು ಚಕ್ರ, ಬಲೂನಿನಂತೆ ಉಬ್ಬಿದ ಟೈರು, ಬೈಕಿನ ಹ್ಯಾಂಡಲ್. ಹೆಸರು ಹೊಂಡಾ ಎಟಿಸಿ, ಅಂದ್ರೆ ಆಲ್ ಟೆರೇನ್ ಸೈಕಲ್. ಮಣ್ಣು, ಮರಳು, ಹಿಮ, ಕೆಸರು ಎಲ್ಲದರ ಮೇಲೂ ಓಡಬೇಕು ಅಂತ ಮಾಡಿದ್ದು. 1970ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಇಪ್ಪತ್ತು ವರ್ಷ ತುಂಬುವ ಮೊದಲೇ ಅಂಗಡಿಗಳಿಂದ ಮಾಯವಾಯ್ತು.

ಅಂಗಡಿಯಿಂದ ಹೋದ್ರೂ ಜನರ ಮನೆಯಿಂದ ಹೋಗಲಿಲ್ಲ. ಇವತ್ತಿಗೂ ಅಮೆರಿಕದ ಹಳ್ಳಿಗಳ ಶೆಡ್‌ಗಳಲ್ಲಿ, ಮರದ ಕೆಳಗೆ, ಹುಲ್ಲು ಬೆಳೆದ ಹಿತ್ತಿಲಲ್ಲಿ ತುಕ್ಕು ಹಿಡಿದು ನಿಂತಿವೆ. ಅವನ್ನ ಎತ್ಕೊಂಡು ಬಂದು ಮತ್ತೆ ಓಡಿಸೋ ಹವ್ಯಾಸಿಗಳು ಬೇಕಾದಷ್ಟು ಜನ ಇದ್ದಾರೆ. ಅವರ ವಿಡಿಯೊಗಳನ್ನ ರಾತ್ರಿ ಹೊತ್ತು ನೋಡ್ತಾ ಕೂರೋದು ನನಗೊಂದು ಚಟ. ಅವುಗಳಲ್ಲಿ ಪದೇ ಪದೇ ಕಾಣೋ ಶತ್ರು ಒಂದೇ, ನೀರು. ನೀರು ಹೊಕ್ಕ ಗಾಡಿಯನ್ನ ಒಂದೊಂದೇ ನಟ್ಟು ತೆಗೆದು ಬಿಚ್ಚುತ್ತಾ ಹೋದ್ರೆ, ಅದು ಯಾಕೆ ಹುಟ್ಟಿತು, ಯಾಕೆ ನಿಂತಿತು ಅನ್ನೋದೂ ಜೊತೆಗೇ ಗೊತ್ತಾಗುತ್ತೆ. ಹಾಗಾಗಿ ಇವತ್ತು ಎರಡನ್ನೂ ಒಟ್ಟಿಗೆ ಮಾಡೋಣ.

ಮೊದಲು ಹುಟ್ಟಿನ ಕಥೆ. 1960ರ ದಶಕದ ಕೊನೆಯಲ್ಲಿ ಹೊಂಡಾದ ಅಮೆರಿಕನ್ ಡೀಲರ್‌ಗಳಿಗೆ ಒಂದು ಕಷ್ಟ ಇತ್ತು. ಬೇಸಿಗೆಯಲ್ಲಿ ಬೈಕುಗಳು ಚೆನ್ನಾಗಿ ಹೋಗ್ತಿದ್ದವು. ಚಳಿಗಾಲ ಬಂದು ಹಿಮ ಬಿದ್ರೆ ವ್ಯಾಪಾರ ಬಿದ್ದುಹೋಗ್ತಿತ್ತು. ಆ ತಿಂಗಳುಗಳಲ್ಲೂ ಮಾರೋಕೆ ಏನಾದ್ರೂ ಕೊಡಿ ಅಂತ ಜಪಾನಿಗೆ ಕೇಳಿದರು. ಕೆಲಸ ಒಸಾಮು ತಾಕೆಉಚಿ ಅನ್ನೋ ಎಂಜಿನಿಯರ್ ಪಾಲಿಗೆ ಬಂತು. ಅವರ ತಂಡ ಎರಡು ಚಕ್ರದಿಂದ ಹಿಡಿದು ಆರು ಚಕ್ರದವರೆಗೆ ಮಾಡಿ ನೋಡಿತು. ಹಿಮ, ಕೆಸರು, ಇಳಿಜಾರು ಎಲ್ಲದಕ್ಕೂ, ಖರ್ಚಿಗೂ ಹೊಂದಿದ್ದು ಮೂರು ಚಕ್ರ.

ಆದ್ರೆ ನಿಜವಾದ ಸಮಸ್ಯೆ ಟೈರಿನದ್ದು. ಮಾಮೂಲಿ ಬೈಕಿನ ಸಣ್ಣ ಟೈರು ಹಿಮದಲ್ಲಿ ಹೂತುಹೋಗುತ್ತೆ. ಉತ್ತರ ಸಿಕ್ಕಿದ್ದು ಆಂಫಿಕ್ಯಾಟ್ ಅನ್ನೋ ಗಾಡಿಯಲ್ಲಿ. ಅದು ನೆಲದಲ್ಲೂ ನೀರಲ್ಲೂ ಹೋಗೋ ಆರು ಚಕ್ರದ ಗಾಡಿ, ಅದಕ್ಕೆ ದಪ್ಪ ಬಲೂನ್ ಟೈರು. ಅದೇ ದಾರಿಯಲ್ಲಿ ಹೋಗಿ ಹೊಂಡಾ ತನ್ನದೇ 22 ಇಂಚಿನ ಟೈರು ಮಾಡಿತು. ಒಳಗಿನ ಗಾಳಿಯ ಒತ್ತಡ ಸುಮಾರು 2 ಪಿಎಸ್‌ಐ ಅಷ್ಟೇ. ನಿಮ್ಮ ಕಾರಿನ ಟೈರಿಗೆ 30ರ ಆಸುಪಾಸು ಹೊಡಿಸ್ತೀರಲ್ಲ, ಅದಕ್ಕೆ ಹೋಲಿಸಿ ನೋಡಿ. ಟೈರು ನೆಲಕ್ಕೆ ಚಪ್ಪಟೆಯಾಗಿ ಒತ್ತಿಕೊಳ್ಳುತ್ತೆ, ಭಾರ ಹರಡುತ್ತೆ, ಗಾಡಿ ಮುಳುಗಲ್ಲ.

1970ರಲ್ಲಿ ಯುಎಸ್90 ಅನ್ನೋ ಹೆಸರಲ್ಲಿ ಬಿಡುಗಡೆಯಾಯ್ತು. ಬೆಲೆ 595 ಡಾಲರ್. ಮುಂದೆ ಅದೇ ಎಟಿಸಿ90 ಆಯ್ತು. ಸಣ್ಣ ಎಂಜಿನ್, ಹಗ್ಗ ಎಳೆದು ಸ್ಟಾರ್ಟ್ ಮಾಡೋದು, ಕ್ಲಚ್ ಹಿಡಿಯೋ ಕೆಲಸ ಇಲ್ಲ. ಹಿಂದೆ ಮುಂದೆ ಎಲ್ಲೂ ಸಸ್ಪೆನ್ಷನ್ ಇಲ್ಲ, ಆ ಟೈರುಗಳೇ ಸಸ್ಪೆನ್ಷನ್. 1971ರ ‘ಡೈಮಂಡ್ಸ್ ಆರ್ ಫಾರೆವರ್’ ಸಿನಿಮಾದಲ್ಲಿ ಜೇಮ್ಸ್ ಬಾಂಡ್ ಆಗಿ ಶಾನ್ ಕಾನರಿ ಮರುಭೂಮಿಯಲ್ಲಿ ಇದನ್ನ ಓಡಿಸ್ತಾರೆ. ಅದಕ್ಕಿಂತ ಒಳ್ಳೆ ಜಾಹೀರಾತು ಇನ್ನೇನು ಬೇಕು?

ಆಟಿಕೆ ಅಂತ ಶುರುವಾದದ್ದನ್ನ ರೈತರು ಹೊಲಕ್ಕೆ ಇಳಿಸಿದರು. ಬೇಲಿ ನೋಡೋಕೆ, ದನ ಅಟ್ಟೋಕೆ, ಮೇವು ಸಾಗಿಸೋಕೆ. ಒಂದು ತಮಾಷೆ ಏನಂದ್ರೆ, ಆ ಮೆತ್ತನೆ ಟೈರಿಗೆ ದೊಡ್ಡ ವೈರಿ ಆಗಿದ್ದು ಕಟಾವಾದ ಹೊಲದ ಕೂಳೆ. ನಮ್ಮ ಕಡೆ ಜೋಳದ ಕೂಳೆ ಮೇಲೆ ಬರಿಗಾಲಲ್ಲಿ ನಡೆದವರಿಗೆ ಅದು ಏನು ಅಂತ ಗೊತ್ತು. ಆಮೇಲೆ ಟೈರಿನೊಳಗೆ ಬಟ್ಟೆಯ ಪದರ ಸೇರಿಸಿ ಗಟ್ಟಿ ಮಾಡಬೇಕಾಯ್ತು.

ಈಗ ಶೆಡ್‌ಗೆ ಬನ್ನಿ. ಅಲ್ಲಿ ಒಂದು ಎಟಿಸಿ90 ಸಿಕ್ಕಿತು ಅಂದ್ಕೊಳ್ಳಿ. ಒಂದೋ ಹಳ್ಳ ದಾಟುವಾಗ ನೀರು ಕುಡಿದಿದೆ, ಇಲ್ಲಾ ಸೋರುವ ಸೂರಿನ ಕೆಳಗೆ ಎಷ್ಟೋ ಮಳೆಗಾಲ ನಿಂತಿದೆ. ಬಲೂನ್ ಟೈರು ನೀರಲ್ಲಿ ತೇಲುತ್ತೆ, ಎಂಜಿನ್‌ಗೆ ಈಜು ಬರಲ್ಲ. ಗಾಳಿ ಎಳೆಯುವ ಬಾಯಿಂದ, ಸೈಲೆನ್ಸರಿಂದ, ಸವೆದ ಸೀಲ್‌ಗಳಿಂದ ನೀರು ಒಳಗೆ ಹೋಗುತ್ತೆ. ಎಲ್ಲಿಗೆ ಬೇಕಾದ್ರೂ ಹೋಗೋ ಗಾಡಿ ಅಂತ ಮಾರಿದ್ದನ್ನ ಜನ ಎಲ್ಲಿಗೆ ಬೇಕಾದ್ರೂ ಒಯ್ದಿದ್ದಾರೆ.

ಮೊದಲ ನಿಯಮ: ಸ್ಟಾರ್ಟ್ ಮಾಡೋಕೆ ಹೋಗಬೇಡಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿದ್ದು ನಿಮಗೆ ನೆನಪಿರಬೇಕು. ಆವಾಗ ನಮ್ಮ ಏರಿಯಾದ ಮೆಕ್ಯಾನಿಕ್ ಒಬ್ಬರು ಬೇಸ್‌ಮೆಂಟ್‌ನಿಂದ ತಳ್ಕೊಂಡು ಬಂದ ಪ್ರತಿ ಬೈಕಿನ ಮುಂದೆ ನಿಂತು ‘ಕಿಕ್ ಹೊಡೀಬೇಡಿ ಸಾರ್, ಹೊಡೀಬೇಡಿ’ ಅಂತ ಕೂಗ್ತಿದ್ರು. ಕಾರಣ ಸರಳ. ಗಾಳಿಯನ್ನ ಹಿಂಡಬಹುದು, ನೀರನ್ನ ಹಿಂಡೋಕಾಗಲ್ಲ. ಸಿಲಿಂಡರಲ್ಲಿ ನೀರಿರುವಾಗ ಪಿಸ್ಟನ್ ಮೇಲೆ ಬಂದ್ರೆ ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಅಲ್ಲಿಗೆ ಸಣ್ಣ ಕೆಲಸ ದೊಡ್ಡದಾಯ್ತು.

ಹಾಗಾಗಿ ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಬೇಕು. ಆಮೇಲೆ ಎಂಜಿನ್ ಆಯಿಲ್ ಇಳಿಸಬೇಕು. ನೀರು ಬೆರೆತಿದ್ರೆ ಆಯಿಲ್ ಹಾಲು ಜಾಸ್ತಿಯಾದ ಕಾಫಿ ಬಣ್ಣಕ್ಕೆ ತಿರುಗಿರುತ್ತೆ. ವರ್ಷಗಟ್ಟಲೆ ನಿಂತಿದ್ರೆ ಪಿಸ್ಟನ್ ತುಕ್ಕಿಗೆ ಅಂಟಿಕೊಂಡು ಜಾಮ್ ಆಗಿರುತ್ತೆ. ಸುತ್ತಿಗೆ ಎತ್ತಿಕೊಳ್ಳೋ ಆಸೆ ಆಗುತ್ತೆ, ಬೇಡ. ತುಕ್ಕು ಬಿಡಿಸೋ ಎಣ್ಣೆಯನ್ನ ಪ್ಲಗ್ ತೂತಿನಿಂದ ಸುರಿದು ದಿನಗಟ್ಟಲೆ ಬಿಡ್ತಾರೆ. ಆಮೇಲೆ ಸ್ಪ್ಯಾನರ್ ಹಾಕಿ ಹಿಂದೆ ಸ್ವಲ್ಪ, ಮುಂದೆ ಸ್ವಲ್ಪ. ಒಂದು ದಿನ ಕೂದಲೆಳೆಯಷ್ಟು ಅಲುಗಾಡುತ್ತೆ.

ಎಂಜಿನ್ ತಿರುಗಿತು ಅಂತ ಕುಣಿಯೋ ಹಾಗಿಲ್ಲ. ಬೇರಿಂಗ್‌ಗಳ ಮೇಲೆ ತುಕ್ಕು ಸಣ್ಣ ಸಣ್ಣ ಗುಳಿ ತೋಡಿರುತ್ತೆ, ಅವನ್ನ ಒರೆಸಿ ಮತ್ತೆ ಹಾಕೋದ್ರಿಂದ ಪ್ರಯೋಜನ ಇಲ್ಲ, ಹೊಸದೇ ಬೇಕು. ಕಾರ್ಬೊರೇಟರ್ ಒಳಗೆ ಬಿಳೀ ಪುಡಿ ಕಟ್ಟಿರುತ್ತೆ, ಅದು ಅಲ್ಯೂಮಿನಿಯಂನ ತುಕ್ಕು. ವೈರ್ ಜಾಯಿಂಟ್‌ಗಳಲ್ಲಿ ತಾಮ್ರ ಹಸಿರಾಗಿರುತ್ತೆ. ಪೆಟ್ರೋಲ್ ಟ್ಯಾಂಕ್ ಒಳಗಿನ ತುಕ್ಕಿಗೆ ಕೆಲವರು ವಿನೆಗರ್ ತುಂಬಿಡ್ತಾರೆ. ಇನ್ನು ಕೆಲವರು ಪೆಟ್ರೋಲಿನ ಪಸೆಯೂ ಇಲ್ಲದ ಹಾಗೆ ತೊಳೆದು, ವಾಷಿಂಗ್ ಸೋಡಾ ಬೆರೆಸಿದ ನೀರು ತುಂಬಿ, ಬ್ಯಾಟರಿ ಚಾರ್ಜರ್‌ನಿಂದ ಕರೆಂಟ್ ಹಾಯಿಸ್ತಾರೆ. ಆಗ ಹೈಡ್ರೋಜನ್ ಗ್ಯಾಸ್ ಹೊರಡುತ್ತೆ, ಹಾಗಾಗಿ ಬಯಲಲ್ಲೇ ಮಾಡಬೇಕು, ಹತ್ತಿರ ಕಿಡಿ ಇರಬಾರದು. ನೀರಲ್ಲಿ ಇಳಿಬಿಡೋ ಕಂಬಿ ಸ್ಟೇನ್‌ಲೆಸ್ ಸ್ಟೀಲಿನದ್ದಾಗಿದ್ರೆ ವಿಷಕಾರಿ ಕ್ರೋಮಿಯಂ ಬಿಡುತ್ತೆ, ಮಾಮೂಲಿ ಕಬ್ಬಿಣವೇ ಆಗಬೇಕು.

ಇಷ್ಟಾದ್ಮೇಲೆ ಹಿಂದಿನ ಆಕ್ಸಲ್. ಈ ಕಥೆ ತಿರುವು ತಗೊಳ್ಳೋದು ಇಲ್ಲೇ.

ಸೀಲ್ ಸವೆದು ಕೆಸರು ನೀರು ಒಳಹೊಕ್ಕು ಆಕ್ಸಲ್ ಬೇರಿಂಗ್ ಹಾಳಾಗಿರೋದು ಮಾಮೂಲಿ. ಅದನ್ನ ಬಿಚ್ಚಿದಾಗ ಒಂದು ವಿಷಯ ಕಣ್ಣಿಗೆ ಬೀಳುತ್ತೆ. ಹಿಂದಿನ ಎರಡೂ ಚಕ್ರಗಳು ಒಂದೇ ಗಟ್ಟಿ ಆಕ್ಸಲ್‌ಗೆ ಬಿಗಿದುಕೊಂಡಿವೆ. ನಮ್ಮ ಆಟೋಗೂ ಮೂರೇ ಚಕ್ರ, ಆದ್ರೆ ಅದರಲ್ಲಿ ಡಿಫರೆನ್ಷಿಯಲ್ ಇದೆ. ತಿರುವಿನಲ್ಲಿ ಒಳಗಿನ ಚಕ್ರ ನಿಧಾನ, ಹೊರಗಿನ ಚಕ್ರ ಜೋರಾಗಿ ತಿರುಗುತ್ತೆ. ಎಟಿಸಿಯಲ್ಲಿ ಆ ಅನುಕೂಲ ಇಲ್ಲ. ಎರಡೂ ಒಂದೇ ವೇಗದಲ್ಲಿ ತಿರುಗೋದ್ರಿಂದ ಗಾಡಿ ನೇರವಾಗಿ ಹೋಗೋಕೇ ಹಟ ಮಾಡುತ್ತೆ. ತಿರುಗಿಸಬೇಕಾದ್ರೆ ಸವಾರ ಮೈಯನ್ನ ತಿರುವಿನ ಒಳಕ್ಕೆ ಬಾಗಿಸಿ, ಭಾರವನ್ನ ಹೊರಗಿನ ಕಾಲಿನ ಮೇಲೆ ಹಾಕಬೇಕು. ಆಗ ಒಳಗಿನ ಚಕ್ರ ಹಗುರಾಗಿ ಜಾರುತ್ತೆ. ಇದು ಕಲಿತು ಬರಬೇಕಾದ ವಿದ್ಯೆ. ಬೈಕ್ ಓಡಿಸಿದ ಅಭ್ಯಾಸದಲ್ಲಿ ಕಾಲು ಕೆಳಗಿಟ್ರೆ ಹಿಂದಿನ ಚಕ್ರ ಅದೇ ಕಾಲಿನ ಮೇಲೆ ಹತ್ತುತ್ತೆ.

ನೋಡೋಕೆ ಮಾತ್ರ ಮಕ್ಕಳ ಟ್ರೈಸಿಕಲ್ ಥರ. ಮೂರು ಚಕ್ರ ಇದೆ, ಬೀಳಲ್ಲ ಅಂತ ಅಪ್ಪ ಅಮ್ಮಂದಿರು ನಂಬಿದರು. 1980ರ ದಶಕದಲ್ಲಿ ಗಾಡಿಗಳು ದೊಡ್ಡದಾದವು, ವೇಗ ಹೆಚ್ಚಿತು. 1981ರಲ್ಲಿ ಬಂದ ಎಟಿಸಿ 250ಆರ್ ರೇಸ್ ಬೈಕಿನಂಥ ಟೂ ಸ್ಟ್ರೋಕ್ ಎಂಜಿನ್ ಹೊತ್ತಿತ್ತು. ಯಮಹಾ, ಸುಜುಕಿ, ಕವಾಸಕಿ ಕೂಡ ಪೈಪೋಟಿಗೆ ಇಳಿದಿದ್ದವು. ಅಪಘಾತಗಳೂ ಏರಿದವು. 1986ರ ಒಂದೇ ವರ್ಷದಲ್ಲಿ, ಮೂರು ಮತ್ತು ನಾಲ್ಕು ಚಕ್ರದ ಇಂಥ ಗಾಡಿಗಳಿಂದ ಗಾಯಗೊಂಡು ಅಮೆರಿಕದ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದವರು 80 ಸಾವಿರಕ್ಕೂ ಹೆಚ್ಚು ಅನ್ನೋದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗದ ಅಂದಾಜು. ಆ ದಶಕದಲ್ಲಿ ಸತ್ತವರು ನೂರಾರು. ಅವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು 16 ವರ್ಷ ತುಂಬದ ಮಕ್ಕಳು.

ಸರ್ಕಾರ ಕೋರ್ಟಿಗೆ ಹೋಯ್ತು. 1987ರ ಕೊನೆಯಲ್ಲಿ ಕಂಪನಿಗಳು ರಾಜಿಗೆ ಒಪ್ಪಿದವು, 1988ರಲ್ಲಿ ಅದು ಪಕ್ಕಾ ಆಯ್ತು. ಹೊಸ ಮೂರು ಚಕ್ರದ ಗಾಡಿ ಮಾರೋ ಹಾಗಿಲ್ಲ, ಡೀಲರ್‌ಗಳ ಬಳಿ ಉಳಿದದ್ದನ್ನ ವಾಪಸ್ ಕೊಳ್ಳಬೇಕು, ಎಚ್ಚರಿಕೆ ಚೀಟಿ ಅಂಟಿಸಬೇಕು, ತರಬೇತಿ ಕೊಡಬೇಕು. ಆದ್ರೆ ಆಗಲೇ ಕೊಂಡ ಜನರಿಗೆ ಹಣ ವಾಪಸ್ ಕೊಟ್ಟು ಗಾಡಿ ಹಿಂಪಡೆಯೋ ಮಾತು, ಸರ್ಕಾರ ಮೊದಲು ಕೇಳಿದ್ದು, ಆ ರಾಜಿಯಲ್ಲಿ ಸೇರಲಿಲ್ಲ. ರಾಜಿಯ ಅವಧಿ 1998ಕ್ಕೆ ಮುಗೀತು. 2008ರ ಕಾನೂನು ಹೊಸ ಮೂರು ಚಕ್ರದ ಎಟಿವಿಗಳ ಆಮದು, ಮಾರಾಟಕ್ಕೆ ಮತ್ತೆ ತಡೆ ಹಾಕಿತು.

ಹಿತ್ತಿಲಲ್ಲಿ ತುಕ್ಕು ಹಿಡಿದ ಗಾಡಿಗಳು ಅಷ್ಟೊಂದು ಯಾಕಿವೆ ಅನ್ನೋ ಪ್ರಶ್ನೆಗೆ ಒಂದು ಉತ್ತರ ಈ ರಾಜಿಯಲ್ಲಿದೆ. ಮಾರಾಟ ನಿಂತಿತು, ಮಾರಿದ್ದು ಹಾಗೇ ಉಳಿಯಿತು. ಕೆಲವರು ಹೆದರಿ ಮೂಲೆಗೆ ತಳ್ಳಿದರು. ಕೆಲವರ ಮಕ್ಕಳು ನಾಲ್ಕು ಚಕ್ರದ್ದಕ್ಕೆ ಹೋದರು. ಉಳಿದ ಕೆಲಸ ಮಳೆ ಮಾಡಿತು.

ಹಾಗಾದ್ರೆ ಇದನ್ನ ರಿಪೇರಿ ಮಾಡೋದು ತಪ್ಪಾ? ನನಗೆ ಹಾಗನ್ನಿಸಲ್ಲ. ಹೊಂಡಾ ಮತ್ತೆ ಇದನ್ನ ಮಾಡಲ್ಲ. ಇರೋದ್ರಲ್ಲಿ ಒಂದು ಹಾಳಾದ್ರೆ ಒಂದು ಕಡಿಮೆ. ಎಂಜಿನಿಯರಿಂಗ್ ಚರಿತ್ರೆಯ ಒಂದು ಪುಟ ಅದು, ಉಳೀಬೇಕು. ಆದ್ರೆ ನಾನು ನೋಡೋ ವಿಡಿಯೊಗಳಲ್ಲಿ ಒಂದು ಕ್ರಮ ನನಗೆ ಬೇಸರ ತರಿಸುತ್ತೆ. ಮೊದಲು ಕೆಂಪು ಪೇಂಟು, ಹೊಳೆಯೋ ಸ್ಟಿಕರ್, ಎಂಜಿನ್ ಸದ್ದು. ಕೊನೆಗೆ ಖುಷಿಯಲ್ಲಿ ಹತ್ತು ವರ್ಷದ ಮಗನನ್ನ ಕೂರಿಸಿ ಒಂದು ರೌಂಡು.

ಕ್ರಮ ತಿರುವುಮುರುವಾಗಬೇಕು. ಆರಂಭದ ಮಾಡೆಲ್‌ಗಳಲ್ಲಿ ಮುಂದಿನ ಚಕ್ರಕ್ಕೆ ಬ್ರೇಕೇ ಇಲ್ಲ, ಇರೋದು ಹಿಂದೆ ಮಾತ್ರ. ನೀರು ನಿಂತು ಆ ಡ್ರಮ್ ತುಕ್ಕು ಹಿಡಿದಿದ್ರೆ ಮೊದಲು ಅದನ್ನ ಸರಿ ಮಾಡಿ. ಆಕ್ಸಿಲರೇಟರ್ ಕೇಬಲ್ ತುಕ್ಕಿಗೆ ಸಿಕ್ಕಿಕೊಂಡಿದ್ರೆ ಹೆಬ್ಬೆರಳು ತೆಗೆದ್ರೂ ಗಾಡಿ ನಿಲ್ಲಲ್ಲ, ಅದನ್ನ ಬದಲಿಸಿ. ಫ್ರೇಮಿನ ಪೈಪುಗಳ ಒಳಗೆ ನೀರು ನಿಂತು ಕೊರೆದಿರುತ್ತೆ, ಪೇಂಟ್ ಬಳಿಯೋ ಮೊದಲು ತಟ್ಟಿ ನೋಡಿ, ಬಿರುಕು ಹುಡುಕಿ. ಬಿರಿದ ಹಳೇ ಟೈರನ್ನ ‘ಒರಿಜಿನಲ್’ ಅಂತ ನೆಚ್ಚಿಕೊಂಡು ಓಡಿಸಬೇಡಿ, ಗೋಡೆಗೆ ತೂಗುಹಾಕಿ. ಗಾಡಿ ಮೇಲೆ ಹಳೇ ಎಚ್ಚರಿಕೆ ಚೀಟಿ ಇದ್ರೆ ಕೆರೆದು ತೆಗೀಬೇಡಿ. ಟ್ಯಾಂಕಿನ ಮೇಲಿನ ಹೊಂಡಾ ರೆಕ್ಕೆಯಷ್ಟೇ ಅದೂ ಆ ಗಾಡಿಯ ಚರಿತ್ರೆ. ಮಕ್ಕಳು ಹತ್ತಿರ ಬಂದು ನೋಡಲಿ, ಸ್ಪ್ಯಾನರ್ ಹಿಡಿಯಲಿ, ಕಾರ್ಬೊರೇಟರ್ ಬಿಚ್ಚಲಿ. ಸೀಟಿನ ಮೇಲೆ ಮಾತ್ರ ಬೇಡ.

ನಿಮ್ಮ ಮನೆ ಹಿಂದೆ ಎಟಿಸಿ ಇರೋ ಸಾಧ್ಯತೆ ಕಡಿಮೆ. ಆದ್ರೆ ಮಳೆಗೆ ನೆಂದ ತಾತನ ಕಾಲದ ಲ್ಯಾಂಬ್ರೆಟ್ಟಾನೋ, ರಾಜ್‌ದೂತೋ ಇರಬಹುದು. ಕಿಕ್ ಹೊಡೆಯೋ ಮೊದಲು ಪ್ಲಗ್ ಬಿಚ್ಚಿ, ಆಯಿಲ್ ಬಣ್ಣ ನೋಡಿ. ಏನು ಸಿಕ್ಕಿತು ಅಂತ ನಮಗೂ ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.