ಬೇಹಿನ ಅರಿವು ಮತ್ತು ರಫ್ತಿನ ನಿರ್ಬಂಧ: ಶೀತಲ ಸಮರದ ಕಡೆಯ ದಶಕದ ಕೆಲವು ಪ್ರಸಂಗಗಳು

ರಫ್ತಿನ ಪರವಾನಗಿಯನ್ನು ಕೊಡುವ ಅಧಿಕಾರಿಯ ಮುಂದೆ ಬರುವ ಅರ್ಜಿಯಲ್ಲಿ ಯಂತ್ರದ ಹೆಸರು, ಬೆಲೆ, ಕೊಳ್ಳುವವನ ವಿಳಾಸ ಇವಿಷ್ಟು ಇರುತ್ತವೆಯೇ ಹೊರತು, ಆ ಯಂತ್ರವು ಹಡಗಿನಿಂದಿಳಿದ ಮೇಲೆ ಯಾವ ಕಾರ್ಖಾನೆಯ ಯಾವ ಮೂಲೆಯಲ್ಲಿ ನಿಂತು ಏನನ್ನು ಕಡೆದುಕೊಡುವುದೆಂಬುದು ಇರುವುದಿಲ್ಲ. ನೀರೆತ್ತುವ ಪಂಪಿನ ದಂಡವನ್ನು ಕಡೆಯುವ ಲೇತೇ ಫಿರಂಗಿಯ ಗುಂಡಿನ ಕವಚವನ್ನೂ ಕಡೆಯಬಲ್ಲುದು. ಹವಾಮಾನವನ್ನು ಗಣಿಸುವ ಗಣಕವೇ ಅಣ್ವಸ್ತ್ರದ ಸ್ಫೋಟವನ್ನೂ ಗಣಿಸಬಲ್ಲುದು. ಆದಕಾರಣ ಉಭಯೋಪಯೋಗಿ ತಂತ್ರಜ್ಞಾನದ ನಿರ್ಯಾತವನ್ನು ತಡೆಯಲು ಹೊರಟ ಶಾಸನವು, ತನ್ನ ಕೈಗೆ ಎಟುಕದ ಒಂದು ಜ್ಞಾನವನ್ನು, ಎಂದರೆ ಕೊಳ್ಳುವವನ ಅಂತರಂಗದ ಅಭಿಲಾಷೆಯ ಜ್ಞಾನವನ್ನು, ಬೇಹುಗಾರರಿಂದ ಎರವಲು ಪಡೆಯದೆ ನಡೆಯಲಾರದು. ಈ ಎರವಲು ನಿರ್ಬಂಧಕ್ಕೆ ಎಷ್ಟು ಬಲವನ್ನು ತಂದಿತು, ಮತ್ತು ಬಾಯಿಬಿಟ್ಟು ಹೇಳಲಾಗದ ಅರಿವೊಂದನ್ನು ಕಾರಣ ಹೇಳಬೇಕಾದ ಆಡಳಿತದಲ್ಲಿ ಬೆರೆಸಿದಾಗ ಯಾವ ತೊಡಕು ಹುಟ್ಟಿತು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಅಮೆರಿಕವೂ ಅದರ ಮಿತ್ರರಾಷ್ಟ್ರಗಳೂ 1949ರಲ್ಲಿ ರೂಪಿಸಿ, ಪ್ಯಾರಿಸಿನಲ್ಲಿ ನೆಲೆಗೊಳಿಸಿದ ‘ಕೋಕಾಂ’ ಎಂಬ ಸಮಿತಿಯು ಯಾವ ಒಪ್ಪಂದದ ಆಧಾರವೂ ಇಲ್ಲದೆ, ಸರ್ವಾನುಮತದ ಸಂಪ್ರದಾಯವೊಂದನ್ನೇ ನೆಚ್ಚಿ, 1994ರವರೆಗೆ ಸೋವಿಯತ್ ಬಣಕ್ಕೆ ಹೋಗಕೂಡದ ವಸ್ತುಗಳ ಪಟ್ಟಿಗಳನ್ನು ಕಾಯ್ದುಕೊಂಡು ಬಂದಿತು. ಪಟ್ಟಿಯನ್ನು ಮಾಡುವುದು ಸುಲಭವಾಗಿರಲಿಲ್ಲ. ಟೆಕ್ಸಾಸ್ ಇನ್ಸ್ಟ್ರುಮೆಂಟ್ಸಿನ ಫ್ರೆಡ್ ಬ್ಯೂಸಿಯವರ ನೇತೃತ್ವದ ತಜ್ಞಮಂಡಲಿಯು 1976ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಗೆ ಸಲ್ಲಿಸಿದ ವರದಿಯಲ್ಲಿ, ಸಿದ್ಧವಸ್ತುವಿಗಿಂತ ಅದನ್ನು ತಯಾರಿಸುವ ವಿದ್ಯೆಯನ್ನು ಕಾಯುವುದೇ ಮುಖ್ಯವೆಂದು ಪ್ರತಿಪಾದಿಸಿತು. ಅದು ಯುಕ್ತವಾದ ಮಾತೇ. ಆದರೆ ಯಾವ ವಿದ್ಯೆ? ಎದುರಾಳಿಗೆ ಯಾವುದರ ಕೊರತೆಯಿದೆ, ಯಾವುದನ್ನು ಅವನು ತಾನೇ ಸಾಧಿಸಿಕೊಂಡಿದ್ದಾನೆ ಎಂಬುದನ್ನು ತಿಳಿಯದವನು ಒಂದೋ ಎಲ್ಲವನ್ನೂ ತಡೆದು ತನ್ನ ವ್ಯಾಪಾರವನ್ನು ಕೆಡಿಸಿಕೊಳ್ಳಬೇಕು, ಇಲ್ಲವೆ ತಡೆಯಬೇಕಾದುದನ್ನೇ ಬಿಟ್ಟುಕೊಡಬೇಕು.

ಈ ಪ್ರಶ್ನೆಗೆ ಉತ್ತರವು ದೊರೆತದ್ದು ಮಾಸ್ಕೋ ನಗರದ ಒಬ್ಬ ಅಸಂತುಷ್ಟ ಅಧಿಕಾರಿಯಿಂದ. ವ್ಲಾದಿಮಿರ್ ವೆತ್ರೋವ್ ಯಂತ್ರಶಾಸ್ತ್ರದಲ್ಲಿ ತರಬೇತಿ ಪಡೆದವನು, ಕೆ.ಜಿ.ಬಿ.ಯ ಪರವಾಗಿ 1960ರ ದಶಕದ ಉತ್ತರಾರ್ಧದಲ್ಲಿ ಪ್ಯಾರಿಸಿನಲ್ಲಿದ್ದವನು. ತರುವಾಯ ಪಾಶ್ಚಾತ್ಯರ ವಿಜ್ಞಾನ ಮತ್ತು ತಂತ್ರಜ್ಞಾನಗಳನ್ನು ಸಂಗ್ರಹಿಸುವುದಕ್ಕಾಗಿಯೇ ಇದ್ದ ‘ಟಿ’ ನಿರ್ದೇಶನಾಲಯದಲ್ಲಿ, ಹೊರದೇಶಗಳಿಂದ ಬಂದ ಕಾಗದಗಳನ್ನು ವಿಂಗಡಿಸುವ ಕೆಲಸಕ್ಕೆ ನಿಯುಕ್ತನಾದವನು. 1981ರಲ್ಲಿ ಅವನು ಫ್ರಾನ್ಸಿನ ಡಿ.ಎಸ್.ಟಿ.ಗೆ ತನ್ನ ಸೇವೆಯನ್ನು ಒಪ್ಪಿಸಿದನು. ಡಿ.ಎಸ್.ಟಿ.ಯಾದರೋ ಸ್ವದೇಶದೊಳಗೆ ಶತ್ರುಗೂಢಚಾರರನ್ನು ಹಿಡಿಯಲು ಇದ್ದ ಸಂಸ್ಥೆ. ಮಾಸ್ಕೋವಿನಲ್ಲಿ ಅದಕ್ಕೆ ತನ್ನವರೆಂಬ ಒಬ್ಬರೂ ಇರಲಿಲ್ಲ. ಇಂಥ ಸಂಸ್ಥೆಯ ನಂಟನ್ನು ಕೆ.ಜಿ.ಬಿ. ಶಂಕಿಸದೆ ಇದ್ದದ್ದು ಆಶ್ಚರ್ಯವಲ್ಲ. ‘ಫೇರ್‌ವೆಲ್’ ಎಂಬ ಸಂಕೇತನಾಮದ ಈ ಮನುಷ್ಯನು ಒಂದು ವರ್ಷಕ್ಕೂ ಕಡಿಮೆ ಅವಧಿಯಲ್ಲಿ ಸಾವಿರಾರು ಪುಟಗಳಷ್ಟು ದಾಖಲೆಗಳನ್ನು ದಾಟಿಸಿದನು. 1981ರ ಜುಲೈ ತಿಂಗಳಿನ ಒಟ್ಟಾವಾ ಶೃಂಗಸಭೆಯಲ್ಲಿ ಅಧ್ಯಕ್ಷ ಮಿತೆರಾಂ ಈ ಸಂಗತಿಯನ್ನು ಅಧ್ಯಕ್ಷ ರೇಗನ್ನರಿಗೆ ಏಕಾಂತದಲ್ಲಿ ತಿಳಿಸಿದರು. ತಮ್ಮ ಮಂತ್ರಿಮಂಡಲದಲ್ಲಿ ಕಮ್ಯುನಿಸ್ಟರಿಗೆ ಸ್ಥಾನ ಕೊಟ್ಟು ಅಮೆರಿಕದ ಸಂಶಯಕ್ಕೆ ಗುರಿಯಾಗಿದ್ದ ಅವರಿಗೆ ಅದು ವಿಶ್ವಾಸವನ್ನು ಗಳಿಸುವ ದಾರಿಯೂ ಆಯಿತು.

ಆ ಕಾಗದಗಳಲ್ಲಿ ‘ಟಿ’ ನಿರ್ದೇಶನಾಲಯಕ್ಕಾಗಿ ಹೊರದೇಶಗಳಲ್ಲಿ ತಂತ್ರಜ್ಞಾನವನ್ನು ಸಂಗ್ರಹಿಸುತ್ತಿದ್ದ ‘ಎಕ್ಸ್’ ಶಾಖೆಯ ಇನ್ನೂರಕ್ಕೂ ಮಿಕ್ಕ ಅಧಿಕಾರಿಗಳ ಹೆಸರುಗಳಿದ್ದುವು. 1983ರ ಏಪ್ರಿಲ್‌ನಲ್ಲಿ ಫ್ರಾನ್ಸು 47 ಮಂದಿ ಸೋವಿಯತ್ ಪ್ರಜೆಗಳನ್ನು ಹೊರಗಟ್ಟಿತು. ಇತಿಹಾಸಕಾರರು ಬಹುವಾಗಿ ವರ್ಣಿಸುವುದು ಈ ಉಚ್ಚಾಟನೆಯನ್ನೇ. ನನ್ನ ಮತದಲ್ಲಿ ಅದಕ್ಕಿಂತ ಹೆಚ್ಚಿನ ಬೆಲೆಯದು, ಸೋವಿಯತ್ ಸೇನಾ-ಕೈಗಾರಿಕಾ ಆಯೋಗವು ತನ್ನ ಸಂಗ್ರಾಹಕರಿಗೆ ಕೊಡುತ್ತಿದ್ದ ಬೇಡಿಕೆಯ ಪಟ್ಟಿ. ಯಾವ ಸಚಿವಾಲಯವು ಏನನ್ನು ಕೇಳಿತು, ಅದಕ್ಕೆಷ್ಟು ಹಣವನ್ನಿಟ್ಟಿತು, ದೊರೆತದ್ದು ಪ್ರಯೋಜನಕ್ಕೆ ಬಂದಿತೇ ಎಂಬುದೆಲ್ಲವೂ ಅಲ್ಲಿ ಲೆಕ್ಕದ ಪುಸ್ತಕದಂತೆ ಬರೆದಿತ್ತು. ಪಟ್ಟಿಗಳನ್ನು ಊಹೆಯಿಂದ ಹೆಣೆಯುತ್ತಿದ್ದವರಿಗೆ ಈಗ ಎದುರಾಳಿಯ ಸ್ವಹಸ್ತದ ಪಟ್ಟಿಯೇ ಸಿಕ್ಕಿತು. ಅಮೆರಿಕದ ಸರಕಾರವು 1985ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಶ್ವೇತಪತ್ರವು, ವರ್ಷಂಪ್ರತಿ 5,000ಕ್ಕೂ ಹೆಚ್ಚು ಸೋವಿಯತ್ ಸೈನಿಕ ಸಂಶೋಧನಾ ಯೋಜನೆಗಳು ಪಾಶ್ಚಾತ್ಯ ವಸ್ತು ಮತ್ತು ದಾಖಲೆಗಳಿಂದ ಲಾಭ ಪಡೆಯುತ್ತಿದ್ದುವೆಂದು ಹೇಳಿತು. ಹಾಗೆ ಸಂಗ್ರಹವಾದ ದಾಖಲೆಗಳಲ್ಲಿ ಬಹುಪಾಲು ರಹಸ್ಯವೆಂಬ ಮುದ್ರೆಯಿಲ್ಲದವು ಎಂದು ಅದೇ ಪತ್ರವು ತಿಳಿಸುವುದನ್ನೂ ಗಮನಿಸಬೇಕು. ಕದ್ದ ತಂತ್ರಾಂಶದಲ್ಲಿ ದೋಷವನ್ನು ಹುದುಗಿಸಿ ಸೈಬೀರಿಯದ ಅನಿಲ ಕೊಳವೆಯೊಂದನ್ನು ಸಿಡಿಸಲಾಯಿತೆಂಬ, 2004ರ ಸ್ಮೃತಿಗ್ರಂಥವೊಂದರಿಂದ ಹಬ್ಬಿದ ಕಥೆಯನ್ನು ನಾನು ಇಲ್ಲಿ ಆಧಾರವಾಗಿ ಸ್ವೀಕರಿಸಿಲ್ಲ. ಅದನ್ನು ಅಲ್ಲಗಳೆದವರುಂಟು, ಅದಿಲ್ಲದೆಯೂ ಈ ಪ್ರಕರಣದ ಮಹತ್ತ್ವವೇನೂ ಕುಂದದು. ವೆತ್ರೋವ್ ಕೊಲೆಯ ಅಪರಾಧಕ್ಕೆ ಮೊದಲು ಸೆರೆಯನ್ನು ಸೇರಿ, ಅನಂತರ ದೇಶದ್ರೋಹವು ಬಯಲಾಗಿ ಮರಣದಂಡನೆಗೆ ಒಳಗಾದನು. ಅವನ ಪುಟಗಳಿಂದ ಪರವಾನಗಿಯ ಕಚೇರಿಗಳಲ್ಲಿ ಆದ ಬದಲಾವಣೆಯ ಹಿಂದೆ ಒಂದು ಜೀವದ ನಾಶವಿದೆಯೆಂಬುದನ್ನು, ಅವನ ಗುಣದೋಷಗಳೇನೇ ಇರಲಿ, ನಾವು ಮರೆಯಬಾರದು.

ಬೇಹುಗಾರಿಕೆಯ ಕಣ್ಣಿಗೆ ಬೀಳದೆ ನುಸುಳಿದ್ದೂ ಉಂಟು. ತೋಷಿಬಾ ಮೆಷಿನ್ ಎಂಬ ಜಪಾನಿನ ಸಂಸ್ಥೆಯು ಹಡಗಿನ ಪ್ರೊಪೆಲ್ಲರುಗಳನ್ನು ಕಡೆಯುವ, ಒಂಬತ್ತು ಅಕ್ಷಗಳ ಚಲನೆಯುಳ್ಳ ನಾಲ್ಕು ಯಂತ್ರಗಳನ್ನು ಸಾಮಾನ್ಯ ಯಂತ್ರಗಳೆಂದು ಅರ್ಜಿಯಲ್ಲಿ ಬರೆದು, 1982 ಮತ್ತು 1983ರಲ್ಲಿ ಲೆನಿನ್‌ಗ್ರಾಡಿನ ಹಡಗುಕಟ್ಟೆಗೆ ಕಳುಹಿಸಿತು. ಅವುಗಳ ನಿಯಂತ್ರಕಗಳನ್ನು ನಾರ್ವೆಯ ಕಾಂಗ್ಸ್‌ಬೆರ್ಗ್ ಸಂಸ್ಥೆ ಒದಗಿಸಿತು. ಇದು ಹೊರಬಿದ್ದದ್ದು ವ್ಯವಹಾರದಲ್ಲಿ ಭಾಗವಹಿಸಿದ್ದ ವರ್ತಕ ಸಂಸ್ಥೆಯ ಮಾಜಿ ನೌಕರನೊಬ್ಬ 1985ರ ಕೊನೆಯಲ್ಲಿ ಕೋಕಾಂಗೆ ಬರೆದ ಪತ್ರದಿಂದ. ಕಂಪನಿಯು ನಿರಾಕರಿಸಿತು, ಜಪಾನಿನ ಸಚಿವಾಲಯವು ನಂಬಿತು. ಅಮೆರಿಕವು ಒತ್ತಾಯಿಸಿದ ಮೇಲೆ 1987ರಲ್ಲಿ ಬಂಧನಗಳೂ ರಾಜೀನಾಮೆಗಳೂ ನಡೆದುವು. ಸೋವಿಯತ್ ಜಲಾಂತರ್ಗಾಮಿಗಳು ನಿಶ್ಶಬ್ದವಾದದ್ದು ಈ ಯಂತ್ರಗಳಿಂದಲೇ ಎಂದು ಅಂದು ಕೂಗಿದವರು, ಆ ನಿಶ್ಶಬ್ದತೆಯ ಕಡೆಗಿನ ಹೆಜ್ಜೆಗಳು 1970ರ ದಶಕದಲ್ಲಿಯೇ ಆರಂಭವಾಗಿದ್ದುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೋಪದ ಭರದಲ್ಲಿ ಕಾರ್ಯಕಾರಣಭಾವವನ್ನು ನಿರ್ಣಯಿಸುವುದು ವಿದ್ವತ್ತಿಗೆ ಒಪ್ಪುವುದಲ್ಲ.

ಇನ್ನು ತೊಡಕಿನ ವಿಚಾರ. ಇಂಗ್ಲೆಂಡಿನ ಕವೆಂಟ್ರಿಯಲ್ಲಿದ್ದ ಮ್ಯಾಟ್ರಿಕ್ಸ್ ಚರ್ಚಿಲ್ ಎಂಬ ಯಂತ್ರನಿರ್ಮಾಣ ಸಂಸ್ಥೆಯನ್ನು 1987ರಲ್ಲಿ ಇರಾಕಿನವರು ಕೊಂಡರು. ಅದರ ಲೇತುಗಳು ಇರಾಕಿನ ಮದ್ದುಗುಂಡಿನ ಕಾರ್ಖಾನೆಗಳಿಗೆ ಹೋದುವು. ಆ ಸಂಸ್ಥೆಯ ವ್ಯವಸ್ಥಾಪಕ ನಿರ್ದೇಶಕರು ತಾವು ಇರಾಕಿನಲ್ಲಿ ಕಂಡದ್ದನ್ನು ಬ್ರಿಟಿಷ್ ಗುಪ್ತಚರ ಇಲಾಖೆಗೆ, ಪ್ರಾಣಾಪಾಯವನ್ನು ಲೆಕ್ಕಿಸದೆ, ತಿಳಿಸುತ್ತಿದ್ದರು. ಹೀಗಿರಲು ಅದೇ ಸರಕಾರದ ಸುಂಕದ ಇಲಾಖೆಯು, ಯಂತ್ರಗಳ ಸೈನಿಕೋಪಯೋಗವನ್ನು ಮರೆಮಾಚಿದರೆಂದು ಅವರ ಮೇಲೆ ಮೊಕದ್ದಮೆ ಹೂಡಿತು. ಅವರ ನಿರ್ದೋಷಿತ್ವವನ್ನು ತೋರಬಲ್ಲ ಕಾಗದಗಳನ್ನು ನ್ಯಾಯಾಲಯಕ್ಕೆ ಕೊಡಕೂಡದೆಂದು ಮಂತ್ರಿಗಳು ಸಾರ್ವಜನಿಕ ಹಿತದ ಹೆಸರಿನಲ್ಲಿ ಪ್ರಮಾಣಪತ್ರಗಳಿಗೆ ಸಹಿಹಾಕಿದರು. ನ್ಯಾಯಾಧೀಶರು ಆ ಕಾಗದಗಳಲ್ಲಿ ಬಹಳಷ್ಟನ್ನು ತರಿಸಿದರು. 1992ರ ನವೆಂಬರಿನಲ್ಲಿ ಮೊಕದ್ದಮೆ ಕುಸಿದುಬಿದ್ದಿತು. ಸರ್ ರಿಚರ್ಡ್ ಸ್ಕಾಟ್ ಅವರು 1996ರ ಫೆಬ್ರವರಿಯಲ್ಲಿ ಪ್ರಕಟಿಸಿದ ವಿಚಾರಣಾ ವರದಿಯಿಂದ, ರಫ್ತಿನ ನಿಯಮಗಳನ್ನು 1988ರಲ್ಲಿಯೇ ಪಾರ್ಲಿಮೆಂಟಿಗೆ ತಿಳಿಸದೆ ಸಡಿಲಿಸಿದ್ದುದೂ, ಒಂದು ಇಲಾಖೆಯ ಅರಿವು ಇನ್ನೊಂದನ್ನು ಸಕಾಲದಲ್ಲಿ ಮುಟ್ಟದೆ ಇದ್ದುದೂ ಬಯಲಾದುವು. ಮಾಹಿತಿಯು ಬರುತ್ತಿರಲೆಂದು ಯಂತ್ರವನ್ನು ಹೋಗಗೊಡುವುದು ಬೇಹುಗಾರನ ಧರ್ಮ. ಯಂತ್ರವನ್ನು ತಡೆಯುವುದು ಸುಂಕದವನ ಧರ್ಮ. ಇವೆರಡರ ನಡುವೆ ಸಿಕ್ಕಿದ ಪ್ರಜೆಗೆ ರಕ್ಷಣೆ ಕೊಟ್ಟದ್ದು ಬಹಿರಂಗವಾದ ನ್ಯಾಯಾಲಯವೊಂದೇ.

ಅಂಥ ನ್ಯಾಯಾಲಯವು ಅನ್ಯದೇಶದ ಪಟ್ಟಿಗೆ ಸೇರಿದವನಿಗೆ ದೊರೆಯುವುದಿಲ್ಲ. ಈ ಅನುಭವವು ಬೆಂಗಳೂರಿಗೆ ಹೊಸದಲ್ಲ. ರಷ್ಯದ ಬಾಹ್ಯಾಕಾಶ ಸಂಸ್ಥೆಯಾದ ಗ್ಲಾವ್‌ಕಾಸ್ಮಾಸ್ ಕ್ರಯೋಜನಿಕ್ ಎಂಜಿನಿನ ವಿದ್ಯೆಯನ್ನು ಕೊಡಲು ಒಪ್ಪಿದ್ದಕ್ಕಾಗಿ, ಕ್ಷಿಪಣಿ ನಿಯಂತ್ರಣದ ಹೆಸರಿನಲ್ಲಿ ಅಮೆರಿಕವು 1992ರ ಮೇ ತಿಂಗಳಿನಲ್ಲಿ ಇಸ್ರೋವಿನ ಮೇಲೆ ನಿರ್ಬಂಧವನ್ನು ಹೇರಿತು. ಅತಿಶೀತಲ ದ್ರವಗಳನ್ನು ತುಂಬಿಸಲು ದೀರ್ಘಕಾಲ ಹಿಡಿಯುವ ಇಂಥ ಎಂಜಿನು ಸದಾ ಸನ್ನದ್ಧವಾಗಿರಬೇಕಾದ ಕ್ಷಿಪಣಿಗೆ ತಕ್ಕುದಲ್ಲವೆಂಬ ನಮ್ಮ ವಿಜ್ಞಾನಿಗಳ ವಾದವನ್ನು ಎತ್ತಿ ಹಿಡಿಯಲು ಯಾವ ಪೀಠವೂ ಇರಲಿಲ್ಲ. ರಷ್ಯವು ವಿದ್ಯೆಯನ್ನು ತಡೆಹಿಡಿದು ಎಂಜಿನುಗಳನ್ನು ಮಾತ್ರ ಕೊಟ್ಟಿತು. ಸ್ವದೇಶೀ ಕ್ರಯೋಜನಿಕ್ ಎಂಜಿನನ್ನು ಹೊತ್ತ ರಾಕೆಟ್ಟು ಮೊದಲ ಬಾರಿಗೆ ಸಫಲವಾಗಿ ಹಾರಿದ್ದು 2014ರ ಜನವರಿಯಲ್ಲಿ. ಪೋಖರಣದ 1998ರ ಪರೀಕ್ಷೆಗಳ ತರುವಾಯ ಅಮೆರಿಕದ ನಿರ್ಬಂಧಿತರ ಪಟ್ಟಿಯನ್ನು ಸೇರಿದ್ದ ಇಸ್ರೋ ಅಂಗಸಂಸ್ಥೆಗಳಲ್ಲಿ ಉಳಿದವು 2011ರಲ್ಲಿ ಅದರಿಂದ ಬಿಡುಗಡೆ ಹೊಂದಿದುವು. ಕೋಕಾಂನ ಉತ್ತರಾಧಿಕಾರಿಯಾದ ವಾಸೆನಾರ್ ವ್ಯವಸ್ಥೆಯಲ್ಲಿ, ಒಬ್ಬರ ರಫ್ತನ್ನು ಇನ್ನೊಬ್ಬರು ನಿಷೇಧಿಸುವ ಅಧಿಕಾರವಿಲ್ಲದ ಆ ಮಂಡಲಿಯಲ್ಲಿ, 2017ರ ಡಿಸೆಂಬರಿನಿಂದ ಭಾರತವೂ ಸದಸ್ಯ. ಬೆಂಗಳೂರಿನ ಕಾರ್ಖಾನೆಯೊಂದು ಉಭಯೋಪಯೋಗಿ ಉಪಕರಣವನ್ನು ಹೊರದೇಶಕ್ಕೆ ಮಾರಬೇಕಾದಾಗ, ಕೊಳ್ಳುವವನು ಎಂಥವನೆಂದು ವಿಚಾರಿಸಿ ಹೌದು ಅಥವಾ ಅಲ್ಲವೆನ್ನುವ ಹೊಣೆ ಈಗ ದೆಹಲಿಯದು.