ಅಂತರಜಾಲ ಶೋಧದಲ್ಲಿ ಸಣ್ಣ ಉದ್ದಿಮೆಗಳು: ಹಣ ತೆತ್ತು ಪಡೆಯುವ ಸ್ಥಾನ ಮತ್ತು ಸಹಜವಾಗಿ ದೊರೆಯುವ ಸ್ಥಾನ

ಸಣ್ಣ ಉದ್ದಿಮೆ ಸ್ಥಾಪಿಸಲು ಅಥವಾ ವಿಸ್ತರಿಸಲು ನೆರವು ಕೋರಿ ಸಲ್ಲಿಸುವ ಯೋಜನಾ ವರದಿಗಳಲ್ಲಿ ‘ಡಿಜಿಟಲ್ ಪ್ರಚಾರ’ ಎಂಬ ಶೀರ್ಷಿಕೆಯಡಿ ಒಂದೇ ಸಾಲಿನ ಮೊತ್ತ ನಮೂದಿಸುವುದು ಈಗ ವಾಡಿಕೆಯಾಗಿದೆ. ಅದರಲ್ಲಿ ಜಾಹೀರಾತಿಗೆ ಎಷ್ಟು, ಜಾಲತಾಣದ ಸುಧಾರಣೆಗೆ ಎಷ್ಟು ಎಂಬ ವಿಂಗಡಣೆ ಸಾಮಾನ್ಯವಾಗಿ ಇರುವುದಿಲ್ಲ. ಇವೆರಡೂ ಲೆಕ್ಕದಲ್ಲಿಯೂ ಫಲದಲ್ಲಿಯೂ ಬೇರೆ ಬೇರೆ ಸ್ವರೂಪದ ವೆಚ್ಚಗಳಾಗಿರುವುದರಿಂದ, ಅರ್ಜಿದಾರರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಎರಡು ಬಗೆಯ ಸ್ಥಾನಗಳು

ಗೂಗಲ್‌ನಂತಹ ಶೋಧ ತಾಣದಲ್ಲಿ ಒಂದು ಪದವನ್ನು ಹುಡುಕಿದಾಗ ದೊರೆಯುವ ಫಲಿತಾಂಶಗಳಲ್ಲಿ ‘ಪ್ರಾಯೋಜಿತ’ ಅಥವಾ ‘ಸ್ಪಾನ್ಸರ್ಡ್’ ಎಂಬ ಗುರುತು ಇರುವವು ಜಾಹೀರಾತುಗಳು. ಉಳಿದವು ಶೋಧ ತಾಣವು ತನ್ನದೇ ಮಾನದಂಡಗಳಿಂದ ಆಯ್ದು ಜೋಡಿಸಿದವು. ಇವುಗಳನ್ನೇ ಸಹಜ ಫಲಿತಾಂಶಗಳೆನ್ನುತ್ತಾರೆ. ಕ್ಲಿಕ್ ಒಂದಕ್ಕೆ ಇಷ್ಟು ಎಂದು ಹರಾಜಿನಲ್ಲಿ ಸ್ಥಾನ ಮಾರುವ ಪದ್ಧತಿಯನ್ನು ಅಮೆರಿಕದ ಗೋಟು ಎಂಬ ಸಂಸ್ಥೆಯು 1998ರಲ್ಲಿ ಆರಂಭಿಸಿತು. ಗೂಗಲ್ ಸಂಸ್ಥೆಯು 2000ದಲ್ಲಿ ಆಡ್‌ವರ್ಡ್ಸ್ ಎಂಬ ಸೇವೆ ತೆರೆದು, 2018ರಲ್ಲಿ ಅದಕ್ಕೆ ಗೂಗಲ್ ಆಡ್ಸ್ ಎಂದು ಮರುನಾಮಕರಣ ಮಾಡಿತು. ಪ್ರತಿ ಶೋಧಕ್ಕೂ ಪ್ರತ್ಯೇಕ ಹರಾಜು ನಡೆಯುತ್ತದೆ. ಕೂಗಿದ ದರದ ಜೊತೆಗೆ ಜಾಹೀರಾತಿನ ಗುಣಮಟ್ಟವನ್ನೂ ಪರಿಗಣಿಸುವುದರಿಂದ, ಕಡಿಮೆ ದರ ಕೂಗಿದವರು ಹೆಚ್ಚು ಕೂಗಿದವರಿಗಿಂತ ಮೇಲೆ ಬರುವುದೂ ಉಂಟು.

ಜಾಹೀರಾತಿಗೆ ಎಷ್ಟೇ ಹಣ ತೆತ್ತರೂ ಸಹಜ ಫಲಿತಾಂಶದಲ್ಲಿ ಸ್ಥಾನ ಮೇಲೇರುವುದಿಲ್ಲ ಎಂಬುದನ್ನು ಉದ್ದಿಮೆದಾರರು ಮುಖ್ಯವಾಗಿ ಗಮನಿಸತಕ್ಕದ್ದು. ಜಾಹೀರಾತಿನ ಸ್ಥಾನವು ಬಾಡಿಗೆ ಮಳಿಗೆಯಿದ್ದಂತೆ. ಹಣ ನಿಂತ ದಿನವೇ ಮಳಿಗೆ ಖಾಲಿ. ಸಹಜ ಸ್ಥಾನವು ನಿಧಾನವಾಗಿ ಕೂಡಿಬರುವ ವ್ಯಾಪಾರದ ಹೆಸರಿನಂತೆ. ಅದನ್ನು ಕೊಳ್ಳಲಾಗದು, ಆದರೆ ಒಂದೇ ದಿನದಲ್ಲಿ ಅಳಿಯುವುದೂ ಅಪರೂಪ.

ಜಾಹೀರಾತಿನ ಲೆಕ್ಕ

ಉದಾಹರಣೆಗೆ, ಬಾಗಲಕೋಟೆ ಜಿಲ್ಲೆಯ ಇಳಕಲ್‌ನ ಸೀರೆ ತಯಾರಕರೊಬ್ಬರಿಗೆ ಒಂದು ಸೀರೆಯಲ್ಲಿ ಜಾಹೀರಾತು ವೆಚ್ಚ ಕಳೆಯುವ ಮುನ್ನ ರೂ. 600 ಲಾಭವಿದೆ ಎಂದು ಭಾವಿಸಿರಿ. ಒಂದು ಕ್ಲಿಕ್‌ಗೆ ರೂ. 12ರಂತೆ ನೂರು ಕ್ಲಿಕ್‌ಗಳಿಗೆ ರೂ. 1,200. ಆ ನೂರು ಜನರಲ್ಲಿ ಇಬ್ಬರು ಸೀರೆ ಕೊಂಡರೆ ಪ್ರತಿ ಸೀರೆಗೆ ಜಾಹೀರಾತು ವೆಚ್ಚ ರೂ. 600, ಅಂದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಈ ಸೇವೆಗೆ ಶೇ. 18ರ ಜಿಎಸ್‌ಟಿ ಇದ್ದು, ಬಿಲ್ಲು ರೂ. 1,416 ಆಗುತ್ತದೆ. ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತರಾದವರು ತಮ್ಮ ಜಿಎಸ್‌ಟಿ ಸಂಖ್ಯೆಯನ್ನು ಖಾತೆಯಲ್ಲಿ ನಮೂದಿಸಿ ನಿಯಮಾನುಸಾರ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಈ ಜಮೆ ಲಭ್ಯವಿಲ್ಲವಾದ್ದರಿಂದ ಅವರಿಗೆ ಪ್ರತಿ ಸೀರೆಗೆ ರೂ. 708 ವೆಚ್ಚವಾಗಿ, ರೂ. 108 ಕೈಯಿಂದ ಹೋಗುತ್ತದೆ. ಇಲ್ಲಿನ ದರಗಳು ಕೇವಲ ಊಹೆಯವು. ಅವರವರ ಅಂಕಿಗಳನ್ನಿಟ್ಟು ಈ ಲೆಕ್ಕ ಹಾಕುವ ಮೊದಲು ಒಂದು ರೂಪಾಯಿಯನ್ನೂ ಖರ್ಚು ಮಾಡದಿರುವುದು ಲೇಸು. ಒಮ್ಮೆ ಕೊಂಡವರು ಮರಳಿ ಬರುವ ವ್ಯಾಪಾರವಾದರೆ ಮೊದಲ ಮಾರಾಟದ ನಷ್ಟವನ್ನು ಸಹಿಸಬಹುದು.

ಹಣ ಸೋರುವ ದಾರಿಗಳು ಮುಖ್ಯವಾಗಿ ಮೂರು. ‘ಇಳಕಲ್’ ಎಂಬ ಪದವನ್ನು ವಿಶಾಲ ಹೊಂದಾಣಿಕೆಯಲ್ಲಿ ಬಿಟ್ಟರೆ, ಆ ಊರಿನ ಗ್ರಾನೈಟ್ ಕಲ್ಲು ಹುಡುಕುವವರಿಗೂ ಸೀರೆಯ ಜಾಹೀರಾತು ಕಾಣಿಸಿಕೊಳ್ಳಬಹುದು. ಆದ್ದರಿಂದ ನಿಖರ ಹೊಂದಾಣಿಕೆಯನ್ನು ಆರಿಸಿಕೊಂಡು, ಬೇಡವಾದ ಪದಗಳನ್ನು ಹೊರಗಿಡುವ ಪಟ್ಟಿಗೆ ಸೇರಿಸತಕ್ಕದ್ದು. ಎರಡನೆಯದಾಗಿ, ಸ್ಥಳದ ಆಯ್ಕೆಯು ತಾನಾಗಿಯೇ ‘ಆ ಸ್ಥಳದಲ್ಲಿರುವವರು ಅಥವಾ ಆ ಸ್ಥಳದಲ್ಲಿ ಆಸಕ್ತಿಯುಳ್ಳವರು’ ಎಂದಿರುತ್ತದೆ; ಊರೊಳಗೆ ಮಾತ್ರ ಸೇವೆ ನೀಡುವವರು ಇದನ್ನು ಬದಲಿಸಬೇಕು. ಕೊನೆಯದಾಗಿ, ದಿನದ ಮಿತಿ ರೂ. 200 ಎಂದು ನಮೂದಿಸಿದರೂ ಒಂದೊಂದು ದಿನ ಅದರ ಎರಡರಷ್ಟು ವೆಚ್ಚವಾಗಬಹುದು. ತಿಂಗಳಿಗೆ ಮಾತ್ರ ದಿನದ ಮಿತಿಯ 30.4 ಪಟ್ಟನ್ನು ಮೀರುವುದಿಲ್ಲ. ಇದನ್ನು ಅರಿಯದೆ ಗಾಬರಿಗೊಂಡು ಖಾತೆ ಮುಚ್ಚಿದವರೂ ಇದ್ದಾರೆ.

ಸಹಜ ಸ್ಥಾನಕ್ಕಾಗಿ ಮಾಡಬೇಕಾದುದು

ಸ್ಥಳೀಯವಾಗಿ ಗ್ರಾಹಕರನ್ನು ಭೇಟಿಯಾಗುವ ಉದ್ದಿಮೆಗಳು ಮೊತ್ತಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್ ತೆರೆಯುವುದು ಸೂಕ್ತ. 2021ರವರೆಗೆ ಇದಕ್ಕೆ ಗೂಗಲ್ ಮೈ ಬಿಸಿನೆಸ್ ಎಂಬ ಹೆಸರಿತ್ತು. ನಕ್ಷೆಯಲ್ಲಿ ಅಂಗಡಿಯ ಸ್ಥಳ, ವೇಳೆ, ದೂರವಾಣಿ ಮತ್ತು ಗ್ರಾಹಕರ ಅಭಿಪ್ರಾಯಗಳನ್ನು ಇದು ತೋರಿಸುತ್ತದೆ. ಇದು ಪೂರ್ಣ ಉಚಿತ. ನೋಂದಣಿ ಶುಲ್ಕವೆಂದು ಗೂಗಲ್ ಹೆಸರಿನಲ್ಲಿ ಹಣ ಕೇಳುವ ಕರೆಗಳನ್ನು ನಂಬತಕ್ಕದ್ದಲ್ಲ.

ಜಾಲತಾಣವಿರುವವರು ಒಂದು ವಿಷಯವನ್ನು ತಪ್ಪದೆ ಪರಿಶೀಲಿಸಬೇಕು. ಕನ್ನಡ ಪಠ್ಯವನ್ನು ಹಳೆಯ ನುಡಿ ಅಥವಾ ಬರಹ ಅಕ್ಷರ ವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿ ಏರಿಸಿದ್ದರೆ, ಕಣ್ಣಿಗೆ ಅದು ಕನ್ನಡವಾಗಿ ಕಂಡರೂ ಶೋಧ ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿರುತ್ತದೆ. ಅಂತಹ ಪುಟ ಕನ್ನಡದಲ್ಲಿ ಹುಡುಕುವವರಿಗೆ ಎಂದಿಗೂ ಸಿಗದು. ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸುವುದು ಒಂದು ದಿನದ ಕೆಲಸ. ಪರೀಕ್ಷಿಸುವ ಬಗೆ ಸುಲಭ: ಪುಟದ ಒಂದು ಸಾಲನ್ನು ನಕಲಿಸಿ ಶೋಧ ಪೆಟ್ಟಿಗೆಯಲ್ಲಿ ಅಂಟಿಸಿ ನೋಡಿರಿ; ಕನ್ನಡ ಕಾಣದಿದ್ದರೆ ತೊಂದರೆಯಿದೆ ಎಂದರ್ಥ. ಹಾಗೆಯೇ ದರಪಟ್ಟಿ, ವಿಳಾಸ, ಸರಕಿನ ಹೆಸರು ಇವನ್ನು ಭಿತ್ತಿಪತ್ರದ ಚಿತ್ರವಾಗಿ ಮಾತ್ರ ಹಾಕದೆ ಅಕ್ಷರದಲ್ಲಿಯೂ ಬರೆಯಬೇಕು. ಗ್ರಾಹಕರು ಕೇಳುವ ಪ್ರಶ್ನೆಗಳಿಗೆ (ಕೈಮಗ್ಗದ್ದೇ, ಸೆರಗು ಯಾವ ಬಗೆಯದು, ತೊಳೆಯುವುದು ಹೇಗೆ) ಅವರದೇ ಮಾತಿನಲ್ಲಿ ಉತ್ತರ ಬರೆದ ಪುಟವು ಅಲಂಕಾರದ ಪುಟಕ್ಕಿಂತ ಹೆಚ್ಚು ಉಪಯುಕ್ತ.

ಈ ಕೆಲಸಗಳ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕೆಂದು ಗೂಗಲ್ ಸಂಸ್ಥೆಯೇ ತಿಳಿಸಿದೆ. ಆದ್ದರಿಂದ ಹೊಸ ಉದ್ದಿಮೆಗಳು ಆ ಅವಧಿಯಲ್ಲಿ, ಅಥವಾ ಮದುವೆ ಮತ್ತು ಹಬ್ಬದ ದಿನಗಳಲ್ಲಿ, ಮಿತವಾಗಿ ಜಾಹೀರಾತು ನೀಡುವುದು ಸಮಂಜಸ. ಯಾವ ಪದಗಳಿಂದ ನಿಜವಾದ ಬೇಡಿಕೆ ಬಂದಿತೆಂಬುದು ಜಾಹೀರಾತು ಖಾತೆಯ ವರದಿಯಲ್ಲಿ ತಿಳಿಯುವುದರಿಂದ, ಅವೇ ಪದಗಳನ್ನು ಪುಟದ ಪಠ್ಯಕ್ಕೂ ಬಳಸಿಕೊಳ್ಳಬಹುದು. ಸಹಜ ಸ್ಥಾನವೂ ಶಾಶ್ವತವೇನಲ್ಲ. 2024ರ ಆಗಸ್ಟ್‌ನಿಂದ ಭಾರತದಲ್ಲಿಯೂ ಕೆಲವು ಶೋಧಗಳ ಮೇಲ್ಭಾಗದಲ್ಲಿ ಕೃತಕ ಬುದ್ಧಿಮತ್ತೆಯ ಸಾರಾಂಶ ಕಾಣಿಸುತ್ತಿದ್ದು, ಮೊದಲ ಸ್ಥಾನದ ಕೊಂಡಿಯೂ ಕೆಳಗೆ ಸರಿದಿದೆ.

ಮಧ್ಯವರ್ತಿಗಳ ಬಗ್ಗೆ

‘ಮೊದಲ ಪುಟದ ಖಾತರಿ’ ನೀಡುವವರೊಡನೆ ಒಪ್ಪಂದ ಮಾಡಿಕೊಳ್ಳದಿರಲು ಸೂಚಿಸಲಾಗಿದೆ. ಸಹಜ ಸ್ಥಾನದ ಖಾತರಿಯನ್ನು ಯಾರೂ ನೀಡಲಾರರು. ಹಣ ಕೊಟ್ಟು ಬೇರೆ ತಾಣಗಳಿಂದ ಕೊಂಡಿಗಳನ್ನು ಕೊಳ್ಳುವುದು ಶೋಧ ತಾಣದ ನಿಯಮಕ್ಕೆ ವಿರುದ್ಧ. ಶೋಧ ಯಂತ್ರವನ್ನು ವಂಚಿಸುವ ಪುಟಗಳಿದ್ದ ಕಾರಣ ಬಿಎಂಡಬ್ಲ್ಯು ಸಂಸ್ಥೆಯ ಜರ್ಮನ್ ಜಾಲತಾಣವನ್ನೇ 2006ರಲ್ಲಿ ಗೂಗಲ್ ತನ್ನ ಪಟ್ಟಿಯಿಂದ ತೆಗೆದುಹಾಕಿತ್ತು. ಜಾಹೀರಾತು ಖಾತೆ, ಬಿಸಿನೆಸ್ ಪ್ರೊಫೈಲ್ ಮತ್ತು ಜಾಲತಾಣದ ಹೆಸರು ಈ ಮೂರೂ ಉದ್ದಿಮೆದಾರರ ಸ್ವಂತ ಇ-ಮೇಲ್‌ನಲ್ಲಿಯೇ ಇರತಕ್ಕದ್ದು. ಮಧ್ಯವರ್ತಿಗೆ ನಿರ್ವಾಹಕನ ಅಧಿಕಾರ ಮಾತ್ರ ನೀಡಬಹುದು. ಹಾಗಿಲ್ಲದಿದ್ದರೆ ಒಪ್ಪಂದ ಮುರಿದ ದಿನ ವರ್ಷಗಳ ದಾಖಲೆ ಕೈತಪ್ಪುತ್ತದೆ.

ಶೋಧದ ಮೊದಲ ಸ್ಥಾನವೆಂದರೆ ಅಧಿಕೃತ ಸ್ಥಾನವಲ್ಲ ಎಂಬುದು ಅರ್ಜಿದಾರರಿಗೂ ಅನ್ವಯಿಸುತ್ತದೆ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿಗೆ ಯಾವುದೇ ಶುಲ್ಕವಿಲ್ಲ. ಆದರೂ ಸರ್ಕಾರಿ ತಾಣವನ್ನು ಹೋಲುವ ಖಾಸಗಿ ತಾಣಗಳು ಹುಡುಕಾಟದಲ್ಲಿ ಎದುರಾಗಿ ಶುಲ್ಕ ಕೇಳುವುದುಂಟು. ‘ಪ್ರಾಯೋಜಿತ’ ಗುರುತನ್ನು ನೋಡಿ, ವಿಳಾಸವು ‘ಡಾಟ್ ಗವ್ ಡಾಟ್ ಇನ್’ ಎಂದು ಮುಗಿಯುವುದನ್ನು ಖಚಿತಪಡಿಸಿಕೊಂಡ ನಂತರವೇ ಆಧಾರ್ ಸಂಖ್ಯೆಯನ್ನು ನಮೂದಿಸಬೇಕು.

ಲೆಕ್ಕಪತ್ರ

ವಿದೇಶಿ ಸಂಸ್ಥೆಗಳಿಗೆ ಪಾವತಿಸುವ ಆನ್‌ಲೈನ್ ಜಾಹೀರಾತು ಮೊತ್ತದ ಮೇಲೆ 2016ರ ಜೂನ್ 1ರಿಂದ ವಿಧಿಸಲಾಗಿದ್ದ ಶೇ. 6ರ ಸಮೀಕರಣ ಶುಲ್ಕವು 2025ರ ಏಪ್ರಿಲ್ 1ರಿಂದ ರದ್ದಾಗಿದೆ. ನಂತರದ ವಹಿವಾಟಿನ ಬಿಲ್ಲಿನಲ್ಲಿ ಮಧ್ಯವರ್ತಿಗಳು ಇದನ್ನು ಸೇರಿಸಿದ್ದರೆ ಪ್ರಶ್ನಿಸಬಹುದು. ಯೋಜನಾ ವರದಿಯಲ್ಲಿ ಜಾಹೀರಾತು ವೆಚ್ಚವನ್ನು ತಿಂಗಳವಾರು, ಜಾಲತಾಣ ಸಿದ್ಧತೆಯ ವೆಚ್ಚವನ್ನು ಒಂದಾವರ್ತಿಯಾಗಿ, ಪ್ರತ್ಯೇಕ ಸಾಲುಗಳಲ್ಲಿ ತೋರಿಸಲು ಕೋರಲಾಗಿದೆ.