ಸೋಮೇಶ್ವರನ ಅಡಿಗೆಮನೆ, ನಮ್ಮ ಅಡಿಗೆಮನೆ

ಮುಂಬಯಿಯಲ್ಲಿ ಯಾರನ್ನಾದರೂ ಕನ್ನಡಿಗರ ಊಟವೆಂದರೆ ಯಾವುದು ಎಂದು ಕೇಳಿ ನೋಡಿ. ಇಡ್ಲಿ, ದೋಸೆ, ಸಾಂಬಾರು ಎಂಬ ಉತ್ತರ ತಟ್ಟನೆ ಬರುತ್ತದೆ. ಉಡುಪಿ ಹೋಟೆಲುಗಳು ಈ ಮಹಾನಗರಕ್ಕೆ ಮಾಡಿದ ಉಪಕಾರ ಸಣ್ಣದೇನಲ್ಲ. ಮಾಟುಂಗದಲ್ಲಿ 1942ರಲ್ಲಿ ಊಟದ ಮನೆ ತೆರೆದ ಎ. ರಾಮ ನಾಯಕರ ಹೆಸರನ್ನು ಜನ ಇನ್ನೂ ಗೌರವದಿಂದ ನೆನೆಯುತ್ತಾರೆ. ಆದರೂ ಆ ಉತ್ತರ ಅರ್ಧ ಮಾತ್ರ ನಿಜ. ಹಗಲೆಲ್ಲ ಹೋಟೆಲಿನಲ್ಲಿ ಇಡ್ಲಿ ಬಡಿಸಿ, ರಾತ್ರಿ ಕೋಣೆಗೆ ಬಂದು ಕುಚ್ಚಲಕ್ಕಿ ಅನ್ನಕ್ಕೆ ಮೀನುಸಾರು ಕಲಸಿ ಉಂಡ ಎಷ್ಟೋ ಮಂದಿಯನ್ನು ನಾವು ಬಲ್ಲೆವು. ಸೊಲ್ಲಾಪುರದ ಗಾಡಿಯಲ್ಲಿ ಬಂದಿಳಿದವರ ಗಂಟಿನಲ್ಲಿ ಜೋಳದ ರೊಟ್ಟಿಯ ಜೊತೆ ಶೇಂಗಾ ಹಿಂಡಿ ಇರುತ್ತಿತ್ತು. ಮೈಸೂರು ಸೀಮೆಯವರ ಮನೆಯಲ್ಲಿ ಭಾನುವಾರ ಬಂತೆಂದರೆ ಮಸಾಲೆ ಅರೆಯುವ ಸದ್ದು. ಇವೆಲ್ಲ ಕನ್ನಡಿಗರ ಊಟವೇ.

ಈ ಊಟಕ್ಕೆ ಎಷ್ಟು ವಯಸ್ಸು ಎಂಬುದನ್ನು ತಿಳಿಯಬೇಕಾದರೆ ಕಲ್ಯಾಣಕ್ಕೆ ಹೋಗಬೇಕು. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಅಂದಿನ ಚಾಲುಕ್ಯರ ರಾಜಧಾನಿ. ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಯುದ್ಧಕ್ಕಿಂತ ವಿದ್ಯೆಯಲ್ಲಿ ಹೆಚ್ಚು ಮನಸ್ಸಿಟ್ಟವನು. 'ಸರ್ವಜ್ಞ'ನೆಂಬ ಬಿರುದು ಪಡೆದವನು. ಅವನು 1130ರ ಆಸುಪಾಸಿನಲ್ಲಿ ರಚಿಸಿದ 'ಮಾನಸೋಲ್ಲಾಸ' ಅಥವಾ 'ಅಭಿಲಷಿತಾರ್ಥ ಚಿಂತಾಮಣಿ'ಯಲ್ಲಿ ನೂರು ಅಧ್ಯಾಯಗಳಿವೆ. ರಾಜ್ಯಭಾರ, ಆನೆ, ರತ್ನ, ಸಂಗೀತ, ಚಿತ್ರಕಲೆ ಮುಂತಾದವುಗಳ ನಡುವೆ 'ಅನ್ನಭೋಗ' ಎಂಬುದೂ ಒಂದು. ಸಂಸ್ಕೃತದ ಈ ಗ್ರಂಥದ ಮೊದಲ ಸಂಪುಟ ಅಚ್ಚಾದದ್ದು 1925ರಲ್ಲಿ, ಬರೋಡೆಯಲ್ಲಿ. ಕನ್ನಡ ನಾಡಿನ ಅರಸನ ಊಟದ ಕಥೆ ಹೊರನಾಡಿನಲ್ಲಿ ಅಚ್ಚಾಯಿತು ಎಂಬುದು ಹೊರನಾಡ ಕನ್ನಡಿಗರಾದ ನಮಗೊಂದು ಸಣ್ಣ ಸಂತೋಷ.

ಅನ್ನಭೋಗವನ್ನು ಓದುತ್ತಿದ್ದರೆ ಅರಮನೆಯ ಅಡಿಗೆಮನೆಯ ಬಾಗಿಲಲ್ಲಿ ನಿಂತಂತಾಗುತ್ತದೆ. ಮೀನಿನ ಮಾತನ್ನೇ ನೋಡಿ. ವಾಸನೆ ಹೋಗಲೆಂದು ಎಣ್ಣೆ, ಉಪ್ಪು ಹಚ್ಚಿ ಉಜ್ಜಿ, ಅರಸಿನದ ನೀರಿನಲ್ಲಿ ತೊಳೆಯಬೇಕು. ತುಂಡುಗಳನ್ನು ಹುಣಿಸೆಯ ರಸದಲ್ಲಿ ಬೇಯಿಸಬೇಕು. ಗೋಧಿಹಿಟ್ಟು ಉದುರಿಸಿ ಎಣ್ಣೆಯಲ್ಲಿ ಕೆಂಪಗೆ ಹುರಿದು, ಮೇಲೆ ಸೈಂಧವ ಲವಣ, ಏಲಕ್ಕಿ, ಮೆಣಸಿನ ಪುಡಿ ಚಿಮುಕಿಸಬೇಕು. ಉಪ್ಪು, ಅರಸಿನ, ಹುಣಿಸೆ! ಇಂದು ಬೆಳಿಗ್ಗೆ ನಮ್ಮ ಕಟ್ಟಡದ ಯಾವ ಮನೆಯಲ್ಲಿ ಬಂಗುಡೆ ತಂದಿದ್ದರೂ ಅಲ್ಲಿ ನಡೆದದ್ದು ಇದೇ ಕೆಲಸ. ಒಂಬತ್ತು ನೂರು ವರ್ಷಗಳಲ್ಲಿ ಬಿಟ್ಟುಹೋದದ್ದು ಏಲಕ್ಕಿಯೊಂದೇ ಎನ್ನಬಹುದು.

ಮಾಂಸದ ಅಡಿಗೆಗಳೂ ಅಲ್ಲಿ ಬೇಕಾದಷ್ಟಿವೆ. ಮಸಾಲೆ ತುಂಬಿದ ತುಂಡುಗಳನ್ನು ಸಲಾಕೆಗೆ ಚುಚ್ಚಿ ಕೆಂಡದ ಮೇಲೆ ಸುಡುವುದಕ್ಕೆ 'ಭಡಿತ್ರಕ'ವೆಂದು ಹೆಸರು. ನಮಗೆ ಹೆಚ್ಚು ಹಿಡಿಸಿದ್ದು 'ಕವಚಂದಿ'. ಮಾಂಸವನ್ನು ಬೋರೆಹಣ್ಣಿನ ಗಾತ್ರಕ್ಕೆ ಕತ್ತರಿಸಿ, ಅದರೊಡನೆ ಕಾಳು, ಬದನೆ, ಮೂಲಂಗಿ ಮುಂತಾದ ತರಕಾರಿಗಳನ್ನು ಸೇರಿಸಿ ಬೇಯಿಸುವ ಕ್ರಮ ಅದು. ಹಿತಕಿದ ಅವರೆಬೇಳೆ ಹಾಕಿ ಮಾಂಸದ ಸಾರು ಮಾಡುವ ನಮ್ಮ ಬಯಲುಸೀಮೆಯ ಮನೆಗಳಿಗೆ ಇದು ಹೊಸದೇನಲ್ಲ. (ನದೀತೀರದ ದಪ್ಪ ಇಲಿಗಳನ್ನು ಹುರಿಯುವ ವಿಧಾನವನ್ನೂ ಅರಸರು ಬರೆದಿಟ್ಟಿದ್ದಾರೆ. ಅದನ್ನು ನಮ್ಮ ಮನೆಯಲ್ಲಿ ಪ್ರಯೋಗಿಸಿ ನೋಡುವ ಧೈರ್ಯ ನಮಗಿಲ್ಲ.)

ತರಕಾರಿಯ ಪಾಲಿಗೆ ಕನ್ನಡದಲ್ಲಿಯೇ ಗ್ರಂಥಗಳು ಹುಟ್ಟಿದವು. ಸೋಮೇಶ್ವರನಿಗಿಂತ ನೂರು ವರ್ಷ ಮೊದಲು, 1025ರಲ್ಲಿ, ಎರಡನೆಯ ಚಾವುಂಡರಾಯನು 'ಲೋಕೋಪಕಾರ'ವನ್ನು ಬರೆದ. ಹೆಸರೇ ಹೇಳುವಂತೆ ಲೋಕಕ್ಕೆ ಉಪಕಾರವಾಗುವ ವಿಷಯಗಳೆಲ್ಲ ಅದರಲ್ಲಿವೆ, ಸೂಪಶಾಸ್ತ್ರವೂ ಇದೆ. ಉದ್ದಿನ ಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ ನುಣ್ಣಗೆ ಅರೆದು, ಮೊಸರಿನ ತಿಳಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಸೇರಿಸುವ ಇಡ್ಲಿಯ ಕ್ರಮ ಅಲ್ಲಿ ಬರುತ್ತದೆ. ಅಕ್ಕಿಯ ಸುಳಿವಿಲ್ಲ. ಆಮೇಲೆ 1508ರ ಸುಮಾರಿಗೆ ಕಲ್ಲಹಳ್ಳಿಯ ಒಡೆಯನಾಗಿದ್ದ ಮೂರನೆಯ ಮಂಗರಸನು ವಾರ್ಧಕ ಷಟ್ಪದಿಯಲ್ಲಿ ಇಡೀ ಒಂದು 'ಸೂಪಶಾಸ್ತ್ರ'ವನ್ನೇ ಹಾಡಿದ. ಜೈನನಾದ ಅವನದು ಶುದ್ಧ ಶಾಕಪಾಕ. ಬದನೆ, ಹಲಸು, ಬಾಳೆಕಾಯಿ, ಬಾಳೆಯ ಹೂ, ಕಳಲೆ ಎಂದು ಒಂದೊಂದಕ್ಕೂ ಹಲವಾರು ವಿಧಾನಗಳು. ತರಕಾರಿಯನ್ನು ಇಷ್ಟು ಪ್ರೀತಿಯಿಂದ ನೋಡಿದ ಕವಿಗಳು ಕಡಿಮೆ.

ಒಂದು ಸ್ವಾರಸ್ಯವನ್ನು ಇಲ್ಲಿ ಹೇಳಬೇಕು. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅಂದರೆ ಮಂಗರಸನಿಗೂ ಸೋಮೇಶ್ವರನಿಗೂ ಮೆಣಸಿನಕಾಯಿ ಗೊತ್ತಿರಲಿಲ್ಲ. ಆಲೂಗಡ್ಡೆ, ಟೊಮೆಟೊ ಕೂಡ ಇರಲಿಲ್ಲ. ಅವರ ಖಾರವೆಲ್ಲ ಕರಿಮೆಣಸು, ಶುಂಠಿ, ಸಾಸಿವೆಯದು. ಅಮೆರಿಕದಿಂದ ಬಂದ ಹೊಸ ಕಾಯಿಗೆ ನಮ್ಮವರು ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು 'ಮೆಣಸಿನಕಾಯಿ' ಎಂದರು. ಬ್ಯಾಡಗಿಯ ಬಣ್ಣವಿಲ್ಲದೆ ಸಾರೇ ಇಲ್ಲವೆನ್ನುವ ನಾವು ಇದನ್ನು ಆಗಾಗ ನೆನೆಯುವುದು ಒಳ್ಳೆಯದು. ಹೊಟ್ಟೆಯುರಿಯವರು ಒಂದು ವಾರ ಮೆಣಸಿನಕಾಯಿ ಬಿಟ್ಟು, ಮೆಣಸು ಶುಂಠಿಯ ಸಾರನ್ನು ಹಿತಮಿತವಾಗಿ ಉಂಡು ನೋಡಬಹುದು. ಅದೂ ನಮ್ಮ ಪರಂಪರೆಯೇ.

ಹೀಗೆ ಶಾಕಾಹಾರಕ್ಕೆ ಕನ್ನಡದ ಕವಿಗಳು ಸಿಕ್ಕರು, ಮಾಂಸಕ್ಕೆ ಸಂಸ್ಕೃತದಲ್ಲಿ ಬರೆದ ಒಬ್ಬ ಅರಸ ಸಿಕ್ಕ. ಕರಾವಳಿಯ ಮೀನಿನ ಮಡಕೆ, ಕೊಡಗಿನ ಕಾಚಂಪುಳಿ ಹಾಕಿದ ಹಂದಿಮಾಂಸ, ಮಲೆನಾಡಿನಲ್ಲಿ ಒಲೆಯ ಹೊಗೆಗೆ ಒಣಗಿಸಿದ ಮಾಂಸ ಇವು ಬದುಕಿದ್ದು ತಾಯಂದಿರ ಕೈಯಲ್ಲಿ. ಕೈಯಿಂದ ಕೈಗೆ ಬಂದ ವಿದ್ಯೆ ಊರು ಬಿಟ್ಟ ಮನೆಗಳಲ್ಲಿಯೇ ಮೊದಲು ಕಡಿದುಹೋಗುತ್ತದೆ.

ನಮ್ಮ ಅಮ್ಮ ಕುಂದಾಪುರದ ಕಡೆಯವರು. ಚಾಳಿನ ಹತ್ತಡಿ ಕೋಣೆಯಲ್ಲಿಯೂ ಮೀನಿಗೊಂದು ಬೇರೆ ಮಣ್ಣಿನ ಮಡಕೆ ಇಟ್ಟುಕೊಂಡಿದ್ದರು. ತೆಂಗಿನಕಾಯಿ ಮಸಾಲೆ ಕುದಿ ಬಂದಮೇಲೆಯೇ ಮೀನು ಬೀಳಬೇಕು. ಬಿದ್ದಮೇಲೆ ಮಡಕೆಯ ಕಂಠ ಹಿಡಿದು ತಿರುಗಿಸಬೇಕೇ ಹೊರತು ಕಲಕಬಾರದು. "ಸೌಟ್ ಹಾಕ್ಬ್ಯಾಡ, ಮೀನ್ ಪುಡಿ ಆತ್ತ್" ಎಂದು ಅವರು ಗದರಿಸುವುದು ಈಗಲೂ ಕಿವಿಯಲ್ಲಿದೆ. ಹುಳಿಗೆ ಬೇಸಗೆಯಲ್ಲಿ ಮಾವಿನಕಾಯಿ, ಮಳೆಗಾಲದಲ್ಲಿ ಅಂಬಟೆ, ಬೇರೆ ದಿನ ಹುಣಿಸೆ. ಆಷಾಢದಲ್ಲಿ ದೋಣಿಗಳು ದಡ ಸೇರಿದರೆ ಒಣಮೀನು. ಅವರು ತೀರಿಕೊಂಡ ವರ್ಷ ನಾವು ಅಣ್ಣತಮ್ಮಂದಿರು ಅದೇ ಸಾರು ಮಾಡಹೊರಟು ಮೂರು ಸಲ ಸೋತೆವು. ಎಷ್ಟು ಹುಣಿಸೆ ಎಂದರೆ 'ಹಿಡಿ', ಎಷ್ಟು ಹೊತ್ತು ಎಂದರೆ 'ವಾಸನೆ ಬರುವ ತನಕ' ಎಂಬುದಷ್ಟೇ ನಮ್ಮ ಬಳಿ ಉಳಿದಿತ್ತು.

ಆ ಮಡಕೆಯೂ ಒಂದು ದಿನ ಒಡೆಯಿತು, ಅಲ್ಯೂಮಿನಿಯಂ ಪಾತ್ರೆ ಬಂತು. ಈ ವಿಷಯದಲ್ಲಿ ಅಮ್ಮನ ಮಾತೇ ಸರಿಯಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರಡಿಸಿದ ಆಹಾರ ಸೂಚಿಯು ಮಣ್ಣಿನ ಪಾತ್ರೆಯನ್ನು ಅತ್ಯಂತ ಸುರಕ್ಷಿತವೆಂದಿದೆ. ಚಟ್ನಿ, ಸಾಂಬಾರಿನಂಥ ಹುಳಿ ಪದಾರ್ಥಗಳನ್ನು ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆಯ ಪಾತ್ರೆಗಳಲ್ಲಿ ಇಡಬಾರದೆಂದೂ ಹೇಳಿದೆ. ಹಿಂದಿನವರು ಹಿತ್ತಾಳೆಗೆ ಕಲಾಯಿ ಮಾಡಿಸುತ್ತಿದ್ದದ್ದೂ, ಹುಳಿಗೆ ಕಲ್ಲುಮರಿಗೆ ಬಳಸುತ್ತಿದ್ದದ್ದೂ ಇದಕ್ಕಾಗಿಯೇ.

ಬಸ್ಸಾರಿನ ಜಾಣತನವನ್ನೂ ಮೆಚ್ಚಬೇಕು. ಸೊಪ್ಪು ಕಾಳು ಬೇಯಿಸಿದ ನೀರಿಗೆ ಅನೇಕ ಜೀವಸತ್ವಗಳು ಇಳಿದುಬಿಡುತ್ತವೆ. ಆ ನೀರನ್ನು ಚೆಲ್ಲಿದರೆ ಸಾರವನ್ನೇ ಚೆಲ್ಲಿದಂತೆ. ಬಸಿದ ಕಟ್ಟು ಸಾರಾಗುತ್ತದೆ, ಉಳಿದದ್ದು ಪಲ್ಯವಾಗುತ್ತದೆ. ಉತ್ತರ ಕರ್ನಾಟಕದವರು ರೊಟ್ಟಿಯ ಜೊತೆ ಹಸಿ ಮೆಂತ್ಯ, ಮೂಲಂಗಿ ಎಲೆ, ಹಕ್ಕರಿಕಿ ತಿನ್ನುವುದಂತೂ ಇನ್ನೂ ಸರಳ. ಮಹಾನಗರದ ಸೊಪ್ಪನ್ನು ಮಾತ್ರ ಮೂರು ನಾಲ್ಕು ನೀರಿನಲ್ಲಿ ತೊಳೆಯದೆ ಹಸಿ ತಿನ್ನಬೇಡಿ.

ಸೋಮೇಶ್ವರನು ಋತುವಿಗೆ ತಕ್ಕ ಊಟವನ್ನೂ ಹೇಳಿದ್ದಾನೆ: ಬೇಸಗೆಯಲ್ಲಿ ತಂಪಾದ ಸಿಹಿ, ಹೇಮಂತದಲ್ಲಿ ಬಿಸಿಯಾದ ಜಿಡ್ಡಿನ ಪದಾರ್ಥ, ಹೀಗೆ. ಆದರೆ ಅರಸನ ಊಟವನ್ನು ನಾವು ದಿನವೂ ಉಂಡರೆ ಆಗದು. ಅಂದಿನವರು ಬೇಟೆಯಾಡಿ, ಕುದುರೆ ಏರಿ ಕರಗಿಸುತ್ತಿದ್ದರು. ನಾವು ಲೋಕಲ್ ಗಾಡಿಯಲ್ಲಿ ನಿಂತು, ಕಚೇರಿಯಲ್ಲಿ ಕುಳಿತು ಮನೆಗೆ ಬರುವವರು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇಲ್ಲದ ಮನೆಯೇ ವಿರಳ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ, ಅಂದರೆ ಒಂದು ಟೀ ಚಮಚದಷ್ಟು. ಹಪ್ಪಳ, ಉಪ್ಪಿನಕಾಯಿ, ಒಣಮೀನು ಒಂದೇ ಎಲೆಗೆ ಬಿದ್ದರೆ ಲೆಕ್ಕ ಅಲ್ಲಿಗೇ ಮುಗಿಯಿತು. ಒಣಮೀನನ್ನು ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿ ಬಳಸಿ. ಮಂಗಳೂರಿನವರ ಬೂತಾಯಿ, ಕಾರವಾರದವರ ತಾರ್ಲೆ ಇಲ್ಲಿಯ ಪೇಟೆಯಲ್ಲಿ ತಾರ್ಲಿ ಎಂಬ ಹೆಸರಿನಲ್ಲಿ ಅಗ್ಗವಾಗಿ ಸಿಗುತ್ತದೆ. ಅದರ ಕೊಬ್ಬು ಹೃದಯಕ್ಕೆ ಹಿತವಾದದ್ದು. ಎಣ್ಣೆಯಲ್ಲಿ ಮುಳುಗಿಸಿ ಕರಿಯುವ ಬದಲು ಕಾವಲಿಯ ಮೇಲೆ ಕಾಯಿಸಿ, ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಬಳಸಬೇಡಿ. ಮಾಂಸಕ್ಕೆ ಕವಚಂದಿಯ ದಾರಿ ಒಳ್ಳೆಯದು: ಮಾಂಸ ಕಡಿಮೆ, ಕಾಳು ತರಕಾರಿ ಹೆಚ್ಚು. ಮಕ್ಕಳು ಕೇಳುವ ಪೊಟ್ಟಣದ ಸಾಸೇಜು ಮುಂತಾದ ಸಂಸ್ಕರಿಸಿದ ಮಾಂಸ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು 2015ರಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಸಾರಿದ್ದಾರೆ. ಅದಕ್ಕಿಂತ ಭಾನುವಾರದ ಸಾರೇ ಮೇಲು.

ಕಳೆದ ತಿಂಗಳು ಊರಿನಿಂದ ನಮ್ಮ ಚಿಕ್ಕಮ್ಮ ಬಂದಿದ್ದರು. ಅಮ್ಮನ ಕೈಯ ರುಚಿ ಅವರ ಕೈಯಲ್ಲಿ ಇನ್ನೂ ಇದೆ. ಅವರು ಹುಣಿಸೆಗೆ ಕೈ ಹಾಕಿದಾಗ ನಮ್ಮ ಮಗಳು ತಡೆದು, ಆ ಹಿಡಿಯನ್ನು ಅಡಿಗೆಯ ತಕ್ಕಡಿಯಲ್ಲಿಟ್ಟಳು. 30 ಗ್ರಾಂ ತೋರಿಸಿತು. ಚಿಕ್ಕಮ್ಮ ನಕ್ಕು, "ಮೀನ್ ಹೊಸತಾರೆ ಅಷ್ಟ್ ಬ್ಯಾಡ" ಎಂದು ಒಂದು ಚೂರು ತೆಗೆದು ಡಬ್ಬಿಗೆ ಹಾಕಿದರು. ಮಗಳು ಅದನ್ನೂ ಬರೆದುಕೊಂಡಳು. ಅವಳ ನೋಟುಬುಕ್ಕಿನಲ್ಲಿ ಈಗ ಹನ್ನೊಂದು ಅಡಿಗೆಗಳಿವೆ. ಚಿಕ್ಕಮ್ಮ ದೀಪಾವಳಿಗೆ ಮತ್ತೆ ಬರುತ್ತಾರೆ.